ಸ್ಕೇಲು ಕೊಟ್ಟವರು ಯಾರು?

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದವರಿಗೆ 41 ವರ್ಷ. ಬೆಂಗಳೂರಿನ ಒಂದು ಕುರುಕಲು ತಿಂಡಿ ಕಂಪನಿಯಲ್ಲಿ ಪಿಆರ್ (ಸಾರ್ವಜನಿಕ ಸಂಪರ್ಕ) ಮುಖ್ಯಸ್ಥೆ. ಭಾನುವಾರ ಸಂಜೆಯಾದರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ.

ಪ್ಯಾಕೆಟ್ಟಿನಲ್ಲಿ ಹುಳ ಇದೆ ಅಂತ ಗ್ರಾಹಕರೊಬ್ಬರು ವಿಡಿಯೊ ಹಾಕಿದ್ದರು. ಆ ಗ್ರಾಹಕರಿಗೆ ಲೀಗಲ್ ನೋಟಿಸ್ ಕಳಿಸುವ ಆತುರ ಕಂಪನಿಯ ಎಂಡಿಗೆ. ಇವರು ತಡೆದರು. ತಾವೇ ಆ ಮನೆಗೆ ಹೋಗಿ ಕ್ಷಮೆ ಕೇಳಿದರು, ಆ ಬ್ಯಾಚಿನ ಮಾಲನ್ನು ವಾಪಸ್ ತರಿಸಿದರು. ವಿಷಯ ಅಲ್ಲಿಗೇ ತಣ್ಣಗಾಯಿತು. ತಿಂಗಳ ಮೀಟಿಂಗಿನಲ್ಲಿ ಎಂಡಿ ಕೇಳಿದ್ದು: "ಏನಮ್ಮಾ, ಈ ಸಲ ಪೇಪರಲ್ಲಿ ನಮ್ದೇನೂ ಬಂದೇ ಇಲ್ವಲ್ಲ?"

"ನನಗೆ ಕೆಲಸ ಬರಲ್ಲ ಅಂತ ಅವರ ಲೆಕ್ಕ ಸಾರ್" ಎಂದು ಅತ್ತರು.

ಎರಡನೇ ಸಲ, ಎಂಡಿಗೆ ಕೊಡುವ ಫೈಲು ತನ್ನಿ ಅಂದಿದ್ದೆ. ನೀಟಾಗಿ ಅಂಟಿಸಿದ ಪೇಪರ್ ಕಟಿಂಗ್‌ಗಳು. ಪ್ರತಿಯೊಂದರ ಪಕ್ಕ ಕೆಂಪು ಇಂಕಿನಲ್ಲಿ, ಸುದ್ದಿ ಹಿಡಿದ ಜಾಗ ಇಷ್ಟು ಕಾಲಂ ಸೆಂಟಿಮೀಟರ್, ಅಷ್ಟೇ ಜಾಗದ ಜಾಹೀರಾತಾಗಿದ್ದರೆ ಇಷ್ಟು ರೂಪಾಯಿ. ಕೆಳಗೆ ಒಟ್ಟು ಮೊತ್ತ. ಇದನ್ನು ಶುರು ಮಾಡಿದ್ದು ಯಾರು? "ನಾನೇ. ಸೇರಿದ ಹೊಸದರಲ್ಲಿ." ಹಾಗಾದರೆ ಆರು ವರ್ಷದಿಂದ ನಿಮ್ಮನ್ನು ಅಳೆಯಲು ಬಾಸ್ ಕೈಗೆ ಸ್ಕೇಲು ಕೊಟ್ಟವರು ನೀವೇ, ಅಲ್ವಾ? ಹಾಗಂದಾಗ ಸ್ವಲ್ಪ ಸಿಟ್ಟಾದರು. ಜಾಹೀರಾತಿನ ದರ ಪಿಆರ್ ಕೆಲಸದ ಬೆಲೆ ಅಲ್ಲ ಅಂತ ಆ ವೃತ್ತಿಯವರೇ, ಪಿಆರ್ ಕೆಲಸ ಅಳೆಯುವ ಬಗ್ಗೆ ಮಾಡಿಕೊಂಡ 2010ರ ಬಾರ್ಸಿಲೋನಾ ತತ್ವಗಳಲ್ಲಿ ಹೇಳಿದ್ದಾರೆ. ಇದನ್ನು ನನಗೆ ಹೇಳಿಕೊಟ್ಟದ್ದೂ ಈ ಮೇಡಮ್ಮೇ! ಎಂಡಿಗೆ ಮಾತ್ರ ಹೇಳಿರಲಿಲ್ಲ.

ಎಂಡಿ ಕೆಟ್ಟವರೇನಲ್ಲ. ಅವರ ಕಣ್ಣಿಗೆ ಪಿಆರ್ ಗೊತ್ತಿರುವವರು ಅಂದರೆ ವರದಿಗಾರರ ಪರಿಚಯ ಇರುವವರು, ಚೆನ್ನಾಗಿ ಬರೆಯುವವರು. ಎಡವಟ್ಟಾಗುವ ಮುಂಚೆ "ಬೇಡ ಸಾರ್" ಅನ್ನುವುದೇ ಅಸಲಿ ಕೆಲಸ ಅಂತ ಇವರ ನಂಬಿಕೆ. ಸರಿ, ಆದರೆ ಅದಕ್ಕೆ ವ್ಯವಹಾರವೂ ಗೊತ್ತಿರಬೇಕು. ಕೆದಕಿದಾಗ ಒಪ್ಪಿಕೊಂಡರು: "ಲಾಭ-ನಷ್ಟದ ಮಾತು ಬಂದ್ರೆ ನಾನು ಸುಮ್ನೆ ಫೋನ್ ನೋಡ್ತೀನಿ."

ಎದೆಬಡಿತಕ್ಕೆ ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ಫೈಲನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದರ ಮೇಲೆ ಒಂದೇ ಒಂದು ಹಾಳೆ ಇಡಿ: ಏನು ದೂರು ಬಂತು, ನೋಟಿಸ್ ಕಳಿಸಿದ್ದರೆ ಏನಾಗಬಹುದಿತ್ತು, ಮಾಲು ವಾಪಸ್ ತರಿಸಲು ಎಷ್ಟು ಖರ್ಚಾಯಿತು, ಎಷ್ಟು ಅಂಗಡಿಯವರು ಆರ್ಡರ್ ಮುಂದುವರಿಸಿದರು. ಅಂಕಿಗಳನ್ನು ಸೇಲ್ಸ್‌ನವರ ಹತ್ತಿರ ಕೇಳಿ ಪಡೆಯಿರಿ. ವಾರಕ್ಕೆ ಒಂದು ಗಂಟೆ ಅಕೌಂಟ್ಸ್‌ನವರ ಜೊತೆ ಕೂತು ಕಲಿಯಿರಿ. ಇದು ಅವರಿಗೆ ಅಷ್ಟು ಇಷ್ಟವಾಗಲಿಲ್ಲ.

ಮುಂದಿನ ತಿಂಗಳು ಬಂದರು. ಎಂಡಿ ಆ ಹಾಳೆ ಪೂರ್ತಿ ಓದಿ, ಖರ್ಚಿನ ಬಗ್ಗೆ ಎರಡು ಪ್ರಶ್ನೆ ಕೇಳಿದರಂತೆ. ಆಮೇಲೆ ಪುಟ ತಿರುವಿ ಕಟಿಂಗ್ ಎಣಿಸಿದರಂತೆ.