ಜನವರಿಯ ಮೂರನೆಯ ಸೋಮವಾರ, ಅಟ್ಲಾಂಟಾದಲ್ಲಿ

ನಿಮ್ಮ ಪತ್ರ ಓದಿದೆ. ವರ್ಷದ ಕೊನೆಗೆ ಸಂಸಾರ ಸಮೇತ ಅಟ್ಲಾಂಟಾಕ್ಕೆ ಬರುತ್ತಿದ್ದೀರಿ. ಹೊಸ ಕಚೇರಿಯ ಸಹೋದ್ಯೋಗಿಯೊಬ್ಬರು ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿನ ರಜೆಯ ದಿನ ಆಬರ್ನ್ ಅವೆನ್ಯೂ ಕಡೆಗಿನ ಮೆರವಣಿಗೆಗೆ ಈಗಲೇ ಕರೆದಿದ್ದಾರೆ. ಅದು ಕಪ್ಪು ಜನರ ಆಚರಣೆಯಲ್ಲವೇ, ನಮ್ಮಂಥವರು ಹೋದರೆ ಚೆನ್ನಾಗಿರುತ್ತದೆಯೇ, ಆ ಭಾಗ ಸುರಕ್ಷಿತವೇ, ಮನೆ ಎಲ್ಲಿ ಹಿಡಿಯಬೇಕು ಎಂದು ಕೇಳಿದ್ದೀರಿ.

ಮನೆಯ ವಿಷಯ ಸುಲಭ. ನಮ್ಮವರಲ್ಲಿ ಬಹಳ ಮಂದಿ ನಗರದ ಉತ್ತರಕ್ಕಿರುವ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಕಡೆ ನೆಲೆಸಿದ್ದಾರೆ. ಶಾಲೆಗಳು ಚೆನ್ನಾಗಿವೆ, ಸೋನಾ ಮಸೂರಿಯಿಂದ ಕರಿಬೇವಿನವರೆಗೆ ಎಲ್ಲವೂ ಸಿಗುತ್ತದೆ, ಕಾರಿಲ್ಲದೆ ದಿನ ಸಾಗುವುದಿಲ್ಲ. ಸುರಕ್ಷತೆಯ ಬಗ್ಗೆ ಹೇಳುವುದಾದರೆ, ಹಗಲಿನಲ್ಲಿ ಜನಸಂದಣಿಯ ನಡುವೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇರುವಷ್ಟು ಎಚ್ಚರವಿದ್ದರೆ ಸಾಕು.

ನಾನು ಬಂದ ಹೊಸದರಲ್ಲಿ ನಮ್ಮ ಹಿರಿಯರೊಬ್ಬರು ವಿಮಾನ ನಿಲ್ದಾಣದಿಂದ ಮನೆಗೆ ಕರೆತರುವ ದಾರಿಯಲ್ಲಿಯೇ, ಹೆದ್ದಾರಿಯಿಂದ ಕೈ ತೋರಿಸಿ, "ಆ ಕಡೆ ಮಾತ್ರ ಹೋಗಬೇಡಿ" ಎಂದಿದ್ದರು. ಅವರದು ಕಾಳಜಿಯ ಮಾತು, ಅನುಮಾನವಿಲ್ಲ. ಆದರೆ ಅವರು ತೋರಿಸಿದ್ದು ಆಬರ್ನ್ ಅವೆನ್ಯೂ ಇರುವ ಕಡೆಯನ್ನೇ ಎಂಬುದೂ, ನಾವು ಸಾಗುತ್ತಿದ್ದ ಆ ಹೆದ್ದಾರಿಯನ್ನು ಅದೇ ಬಡಾವಣೆಯನ್ನು ಸೀಳಿ ಕಟ್ಟಲಾಗಿತ್ತೆಂಬುದೂ ನನಗೆ ತಿಳಿದದ್ದು ಬಹಳ ತಡವಾಗಿ. 1906ರಲ್ಲಿ ಈ ನಗರದಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಹುಡುಕಿ ಕೊಂದ ಮೇಲೆ ಅವರ ವ್ಯಾಪಾರಗಳು ಹೆಚ್ಚು ಹೆಚ್ಚಾಗಿ ಈ ಬೀದಿಯಲ್ಲಿ ಒಂದುಗೂಡಿದವು. ಗುಲಾಮಗಿರಿಯಲ್ಲಿ ಹುಟ್ಟಿ, ಕ್ಷೌರದಂಗಡಿಗಳಿಂದ ಹಣ ಗಳಿಸಿದ ಅಲಾಂಜೊ ಹರ್ನ್‌ಡನ್ 1905ರಲ್ಲಿ ಆರಂಭಿಸಿದ ವಿಮಾ ಕಂಪನಿ ಬೆಳೆದದ್ದು ಇಲ್ಲಿಯೇ. ಕಿಂಗ್ ಹುಟ್ಟಿದ ಮನೆ, ಅವರು ತಂದೆಯೊಂದಿಗೆ ಬೋಧಿಸಿದ ಎಬನೇಜರ್ ಚರ್ಚು, ನೀರಿನ ನಡುವೆ ಅವರ ಮತ್ತು ಪತ್ನಿ ಕೊರೆಟ್ಟಾ ಅವರ ಸಮಾಧಿ, ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ಸಂದರ್ಶಕರ ಕೇಂದ್ರದ ಬಳಿ 1998ರಲ್ಲಿ ಸ್ಥಾಪಿಸಿದ ಗಾಂಧೀಜಿಯ ಪ್ರತಿಮೆಯೂ ಇದೆ.

ನಮ್ಮಂಥವರು ಹೋಗಬಹುದೇ ಎಂಬ ನಿಮ್ಮ ಪ್ರಶ್ನೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 1946ರ ಕಾನೂನಿನ ಪ್ರಕಾರ ಇಡೀ ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದ ವಲಸೆ ಅವಕಾಶ ಕೇವಲ 100. ಆ ಬಾಗಿಲನ್ನು ತೆರೆದ ವಲಸೆ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್‌ನಲ್ಲಿ. ಕಪ್ಪು ಜನರ ಮತದಾನದ ಹಕ್ಕನ್ನು ಕಾಯುವ ಕಾನೂನು ಬಂದು ಆಗಿನ್ನೂ ಎರಡು ತಿಂಗಳಾಗಿತ್ತು. ಲಾಠಿ ಏಟು, ಸೆರೆಮನೆ, ಕೊಲೆಗಳನ್ನು ಸಹಿಸಿ ಅವರು ಈ ದೇಶದ ಮನಸ್ಸನ್ನು ಅಲುಗಾಡಿಸಿದ್ದರಿಂದಲೇ, ಹುಟ್ಟಿದ ದೇಶ ನೋಡಿ ಮನುಷ್ಯರನ್ನು ಅಳೆಯುವ ಪದ್ಧತಿಯೂ ಬಿದ್ದಿತು. ನಮ್ಮ ಶ್ರಮ, ನಮ್ಮ ಓದು ಎಂದು ಹೆಮ್ಮೆಪಡುವ ನಮ್ಮ ಕೂಟಗಳಲ್ಲಿ ಈ ಮಾತು ಅಪರೂಪಕ್ಕೂ ಕೇಳಿಬರುವುದಿಲ್ಲ ಎಂಬುದು ನನಗೆ ನೋವಿನ ವಿಷಯ.

ಕಮಿಂಗ್‌ನಲ್ಲಿ ಮನೆ ನೋಡುವುದಾದರೆ ಇದನ್ನೂ ತಿಳಿದಿರಿ. ಅದು ಇರುವ ಫೋರ್ಸೈತ್ ಕೌಂಟಿಯಿಂದ 1912ರಲ್ಲಿ ಸುಮಾರು 1,100 ಕಪ್ಪು ಜನರನ್ನು ಬೆದರಿಸಿ, ಮನೆಗಳಿಗೆ ಬೆಂಕಿಯಿಟ್ಟು ಓಡಿಸಲಾಯಿತು. ಎಷ್ಟೋ ಕುಟುಂಬಗಳ ಜಮೀನು ಹೋದದ್ದು ಹೋದದ್ದೇ. 1987ರ ಜನವರಿಯಲ್ಲಿ, ಇದೇ ಕಿಂಗ್ ರಜೆಯ ಆಸುಪಾಸಿನಲ್ಲಿ, ಕಿಂಗ್ ಅವರ ಹೋರಾಟದ ಸಂಗಾತಿ ಹೊಸೆಯಾ ವಿಲಿಯಮ್ಸ್ ಅವರೊಂದಿಗೆ ಅಲ್ಲಿ ಮೆರವಣಿಗೆ ನಡೆದ ಸಣ್ಣ ಗುಂಪಿನ ಮೇಲೆ ಬಿಳಿಯರು ಕಲ್ಲು ತೂರಿದರು. ಮುಂದಿನ ವಾರ ಸುಮಾರು 20,000 ಜನ ಬಂದು ನಡೆದರು. ಅಲ್ಲಿ ಮನೆ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ, ನನ್ನ ಮನೆಯೂ ಅಲ್ಲಿಯೇ ಇದೆ. ನೀವು ಶಿರಸಿಯವರು, ಯಲ್ಲಾಪುರ, ಹಳಿಯಾಳದ ಆಫ್ರಿಕಾ ಮೂಲದ ಸಿದ್ದಿಗಳನ್ನು ಬಲ್ಲವರು. ಮಗ್ಗುಲಲ್ಲೇ ತಲೆಮಾರುಗಟ್ಟಲೆ ಬಾಳಿದವರ ಕಥೆಯನ್ನು ಕೇಳದೆಯೇ ಇರಲು ಹೇಗೆ ಸಾಧ್ಯ ಎಂಬುದನ್ನು ನಿಮಗೆ ವಿವರಿಸಬೇಕಾಗಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವ ಕೊರಗು ಬೇರೆಯದು. ಮುಂದೆ ಇಲ್ಲಿನ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದ, ಕಿಂಗ್ ಅವರಿಗೆ ಗುರುವಿನಂತಿದ್ದ ಬೆಂಜಮಿನ್ ಮೇಸ್ 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕಾಗಿ ನಮ್ಮ ಮೈಸೂರಿನಲ್ಲಿದ್ದರು. ಆ ಪ್ರವಾಸದಲ್ಲಿಯೇ ಗಾಂಧೀಜಿಯನ್ನು ಕಂಡರು. ಅಸ್ಪೃಶ್ಯರೆನಿಸಿಕೊಂಡ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಕರೆಸಿ, ಅಮೆರಿಕದಲ್ಲಿ ಎತ್ತರಕ್ಕೇರಿದ ಅಸ್ಪೃಶ್ಯರೆಂದೇ ಮಕ್ಕಳಿಗೆ ಪರಿಚಯಿಸಿದರು. ಮೊದಲು ಗಲಿಬಿಲಿಗೊಂಡು ತುಸು ಬೇಸರಪಟ್ಟರೂ, ಆ ಮಾತಿನಲ್ಲಿ ನಿಜವಿದೆ ಎಂದು ತಮಗನ್ನಿಸಿತೆಂದು ಮೇಸ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ನನ್ನ ತಂದೆ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಮೇಷ್ಟ್ರಾಗಿ ನಿವೃತ್ತರಾದವರು. ಅವರು ಇಲ್ಲಿಗೆ ಬಂದಾಗ ಅಕ್ವೇರಿಯಂ ತೋರಿಸಿದೆವು, ದೇವಸ್ಥಾನ ತೋರಿಸಿದೆವು. ಮೇಸ್ ಅವರ ಸಮಾಧಿ ಮೋರ್‌ಹೌಸ್ ಅಂಗಳದಲ್ಲಿಯೇ ಇದೆ. ಆದರೆ ಈ ಕಥೆ ನನಗೆ ತಿಳಿಯುವ ಹೊತ್ತಿಗೆ ಅಪ್ಪ ಇರಲಿಲ್ಲ. ಯಾವ ಶಾಲೆ, ಯಾವ ಕೇರಿ ಎಂದು ಅವರಾಗಿದ್ದರೆ ಇಡೀ ಊರು ಕೆದಕಿ ಕೇಳುತ್ತಿದ್ದರು.

ಆದ್ದರಿಂದ ಖಂಡಿತ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ಕಾರು ನಿಲ್ಲಿಸಲು ಪರದಾಡುವ ಬದಲು ಮಾರ್ಟಾ ರೈಲಿನಲ್ಲಿ ಬನ್ನಿ, ಬೆಚ್ಚನೆಯ ಕೋಟು ಇರಲಿ, ಕಿಂಗ್ ಹುಟ್ಟಿದ ಮನೆಯ ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮೆರವಣಿಗೆಯಲ್ಲಿ ಫೋಟೋ ತೆಗೆಯುವುದಕ್ಕಿಂತ ಭಾಷಣಗಳಿಗೆ ಕಿವಿಗೊಡಿ. ಕಿಂಗ್ ಅವರ ಜನ್ಮದಿನ ಜನವರಿ 15, ನಮ್ಮ ಸಂಕ್ರಾಂತಿಯ ಮಗ್ಗುಲಿಗೇ ಬರುತ್ತದೆ. ನಿಮ್ಮನ್ನು ಕರೆದ ಆ ಸಹೋದ್ಯೋಗಿಗೆ ಒಂದು ಪೊಟ್ಟಣ ಎಳ್ಳು-ಬೆಲ್ಲ ಒಯ್ಯಿರಿ. ಕಡಲೆಕಾಯಿ ಇಲ್ಲಿ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ಮೊದಲು ಒಂದು ಮಾತು ಕೇಳಿ ಕೊಡಿ.