ಅರ್ಜಿ ಹಾಕದೇ ಉಳಿದಿದ್ದ ಫೆಲೋಶಿಪ್

(ಹೆಸರು, ವಯಸ್ಸು, ಊರು, ಸಂಶೋಧನೆಯ ವಿಷಯ ಎಲ್ಲ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ರೇಣುಕಾ ಎಂದು ಕರೆಯೋಣ. ವಯಸ್ಸು 26. ಚಳ್ಳಕೆರೆ ತಾಲ್ಲೂಕಿನ ಹಳ್ಳಿ, ನಾಯಕ ಸಮುದಾಯ, ಮನೆಯಲ್ಲಿ ಶೇಂಗಾ ಬೇಸಾಯ. ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ ಮುಗಿಸಿ, ಪಿಎಚ್.ಡಿಗೆ ಸೇರಿ ಎರಡನೇ ವರ್ಷ. ಶೇಂಗಾ ಬೇರಿನ ಸುತ್ತಲಿನ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಅವರ ವಿಷಯ. ದಾವಣಗೆರೆಯಲ್ಲಿ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಾಗ ಲ್ಯಾಬ್ ಕಡೆ ತಲೆ ಹಾಕದೆ ಮೂರು ವಾರ ಆಗಿತ್ತು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ.

"ನನಗೆ ತಲೆ ಇಲ್ಲ ಮೇಡಂ. ಸುಮ್ನೆ ಸೇರ್ಕೊಂಡೆ. ಬಿಟ್ಟುಬಿಡ್ತೀನಿ."

ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅಂಥ ಯೋಚನೆ ಅವರಿಗೆ ಇರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಅನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಅವರು ಸಿಗುತ್ತಾರೆ. ಕನ್ನಡದಲ್ಲೇ ಮಾತಾಡಬಹುದು.

ಎರಡನೇ ಭೇಟಿಯಲ್ಲಿ ಅವರ ಒಂದು ದಿನ ಹೇಗಿರುತ್ತದೆ ಎಂದು ಕೇಳಿದೆ. ಸಂಜೆ ಐದಕ್ಕೆ ಲ್ಯಾಬ್ ಬಿಡುತ್ತಿದ್ದರು. ಯಾಕೆ? ಪಿಯುಸಿ ಹುಡುಗರಿಗೆ ಟ್ಯೂಷನ್. ಯಾಕೆ? ರೂಮ್ ಬಾಡಿಗೆ ಕಟ್ಟಬೇಕು. ಸಂಶೋಧಕರಿಗೆ ತಿಂಗಳು ತಿಂಗಳು ಸಿಗುವ ಫೆಲೋಶಿಪ್ ಹಣ ಇಲ್ವಾ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅರ್ಜಿ ಹಾಕಿಲ್ಲ ಮೇಡಂ."

ಗೊತ್ತಿಲ್ಲದೆ ಬಿಟ್ಟಿದ್ದಲ್ಲ. ಸೇರಿದ ಹೊಸದರಲ್ಲಿ ಲ್ಯಾಬ್‌ನ ಒಬ್ಬ ಸೀನಿಯರ್ ನಗುತ್ತಾ ಅಂದಿದ್ದನಂತೆ: "ನಿಂಗೇನಮ್ಮ, ಸೀಟೂ ಸಿಗುತ್ತೆ, ದುಡ್ಡೂ ಸಿಗುತ್ತೆ." ಅವತ್ತೇ ಅವರು ತೀರ್ಮಾನ ಮಾಡಿಬಿಟ್ಟರು. ಎಸ್‌ಟಿ ಹೆಸರಿನ ಒಂದು ರೂಪಾಯಿಯೂ ಬೇಡ.

ಅಲ್ಲಿಂದ ಮುಂದಿನದು ತಾನಾಗಿಯೇ ನಡೆಯಿತು. ದುಡ್ಡಿಲ್ಲ, ಹಾಗಾಗಿ ಟ್ಯೂಷನ್. ಟ್ಯೂಷನ್ ಇದ್ದುದರಿಂದ 24 ಗಂಟೆಗೆ, 48 ಗಂಟೆಗೆ ನೋಡಬೇಕಾದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್‌ಗಳನ್ನು ಮರುದಿನ ಬೆಳಗ್ಗೆ ನೋಡುವುದು. ಅಷ್ಟರಲ್ಲಿ ಬೂಷ್ಟು ಹಿಡಿದು ಪ್ಲೇಟ್ ಹಾಳು. ಫಲಿತಾಂಶ ಇಲ್ಲ ಎಂದು ಗೈಡ್ ಗದರುವುದು. ಕೊನೆಗೆ "ನನಗೆ ತಲೆ ಇಲ್ಲ". ಇಷ್ಟನ್ನೂ ಅವರ ಕೈಯಲ್ಲೇ ಒಂದು ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬರೆಸಿದೆ. ಬರೆದು ಮುಗಿಸಿ ಬಹಳ ಹೊತ್ತು ಅದನ್ನೇ ನೋಡಿದರು. ಎಂ.ಎಸ್ಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದ ಹುಡುಗಿ.

"ಯಾರು ಏನಂದ್ರೂ ತಲೆ ಕೆಡಿಸ್ಕೋಬೇಡಿ" ಎಂದು ನಾನು ಹೇಳಲಿಲ್ಲ. ಆ ಮಾತಿನಿಂದ ಯಾರ ತಲೆಯೂ ಸರಿಯಾದದ್ದನ್ನು ನಾನು ಕಂಡಿಲ್ಲ. ಅರ್ಜಿ ಹಾಕಿದರೆ ಯಾರಿಗೆಲ್ಲ ಗೊತ್ತಾಗುತ್ತದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಗೈಡ್, ವಿಭಾಗದ ಮುಖ್ಯಸ್ಥರು, ಕಚೇರಿಯ ಗುಮಾಸ್ತರು. ಗುಟ್ಟಾಗಿ ಉಳಿಯುವುದಿಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಹಾಗಾದರೆ ಆ ಸೀನಿಯರ್ ಮತ್ತೆ ಕೆಣಕಿದರೆ ಏನನ್ನುತ್ತೀರಿ? ನಾನೇ ಸೀನಿಯರ್ ಆಗಿ ಕೆಣಕಿದೆ, ಅವರು ಉತ್ತರ ಕೊಟ್ಟರು. ಕೊನೆಗೆ ಅವರಿಗೆ ಒಗ್ಗಿದ ಉತ್ತರ ತುಂಬ ಚಿಕ್ಕದು: "ಹೌದು, ಬರುತ್ತೆ. ನಿಮ್ಮ ಪೇಪರ್ ಎಲ್ಲಿಗೆ ಬಂತು?"

ದೂರು ಕೊಡುವ ದಾರಿಯನ್ನೂ ತಿಳಿಸಿದೆ. ವಿಶ್ವವಿದ್ಯಾಲಯಗಳಲ್ಲಿ ಎಸ್‌ಸಿ-ಎಸ್‌ಟಿ ಘಟಕ ಇರುತ್ತದೆ. ಜಾತಿ ತಾರತಮ್ಯ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲೇ ನಿಯಮ ತಂದಿದೆ. ಸದ್ಯಕ್ಕೆ ದೂರು ಬೇಡ ಅಂದರು. ಅದು ಅವರ ತೀರ್ಮಾನ. ಆದರೆ ಅಂಥ ಮಾತು ಬಂದಾಗಲೆಲ್ಲ ದಿನಾಂಕ ಹಾಕಿ, ಆಡಿದ ಮಾತನ್ನು ಇದ್ದ ಹಾಗೇ ಬರೆದಿಡಿ ಎಂದೆ.

ಇನ್ನು ದುಡ್ಡಿನ ವಿಷಯ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಎಸ್‌ಟಿ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತದೆ. ಆಯ್ಕೆ ಸ್ನಾತಕೋತ್ತರ ಅಂಕಗಳ ಮೇಲೆ. ರೇಣುಕಾಗೆ ಇದೇ ಸರಿಯಾದ ಬಾಗಿಲು. ಜೊತೆಗೆ ಸಿಎಸ್‌ಐಆರ್ ನೆಟ್ (ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಲೂ ಹೇಳಿದೆ. ಅದರ ಮೂಲಕ ಸಿಗುವ ಜೂನಿಯರ್ ರಿಸರ್ಚ್ ಫೆಲೋಶಿಪ್ (ಜೆಆರ್‌ಎಫ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎಸ್‌ಟಿಯವರಿಗೆ, ಮಹಿಳೆಯರಿಗೆ ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಉಂಟು.

ಎಲ್ಲರಿಗೂ ಇದೇ ದಾರಿ ಅಲ್ಲ. ಎಸ್‌ಸಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್‌ಗೆ ನೆಟ್ ಬೇಕು. ನಮ್ಮೂರಿನ ಮುಸ್ಲಿಂ ಹುಡುಗರು ಈಗಲೂ ಅಲ್ಪಸಂಖ್ಯಾತ ಸಂಶೋಧಕರಿಗೆ ಕೇಂದ್ರ ಕೊಡುತ್ತಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೇಳಿಕೊಂಡು ಬರುತ್ತಾರೆ. ಅದನ್ನು 2022-23ರಿಂದ ನಿಲ್ಲಿಸಲಾಗಿದೆ. ಇದ್ದದ್ದನ್ನು ತೆಗೆದದ್ದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅವರನ್ನು ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಪಿಎಚ್.ಡಿ ಫೆಲೋಶಿಪ್ ಕಡೆ ಕಳಿಸುತ್ತೇನೆ. ಯಾವುದಕ್ಕೇ ಆಗಲಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಪಿಎಚ್.ಡಿ ನೋಂದಣಿ ಪತ್ರ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಕೊನೇ ದಿನ ನಾಡಕಚೇರಿಗೆ ಓಡಿದರೆ ಕೆಲಸ ಆಗಲ್ಲ.

ಗೈಡ್ ಜೊತೆ ಮಾತಾಡುವುದು ರೇಣುಕಾಗೆ ಎಲ್ಲಕ್ಕಿಂತ ಕಷ್ಟವಾಗಿತ್ತು. ಟ್ಯೂಷನ್ ವಿಷಯ ಗೈಡ್‌ಗೆ ಗೊತ್ತೇ ಇರಲಿಲ್ಲ. ಸೋಮಾರಿ ಹುಡುಗಿ ಅಂದುಕೊಂಡಿದ್ದರು. ಮೂರು ಮಾತು ಸಾಕು ಎಂದೆ: ಏನಾಗಿದೆ, ಏನು ಬೇಕು, ಯಾವಾಗಿನಿಂದ ಕೆಲಸ ಶುರು. ಹೋಗಿ ಹೇಳಿದರು. "ಮೊದಲೇ ಹೇಳಬಾರದಿತ್ತಾ?" ಎಂದು ಬೈದೇ ಅರ್ಜಿಗೆ ಸಹಿ ಹಾಕಿದರಂತೆ.

ತಂದೆಯದು ಬೇರೆಯೇ ಹಟ. "ಬಿ.ಎಡ್ ಮಾಡ್ಕಳವ್ವ, ಮೇಷ್ಟ್ರು ಕೆಲ್ಸನಾದ್ರೂ ಸಿಗ್ತದೆ." ಅವರನ್ನು ದೂರುವಂತಿಲ್ಲ. ಅವರ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಕ್ಯಾಂಪಸ್ ಇದೆ. ಅವರು ಕಂಡಿರುವುದು ಅದರ ಕಾಂಪೌಂಡ್ ಮಾತ್ರ. ಒಂದು ಕಾಲಕ್ಕೆ ದನ, ಕುರಿ ಮೇಯುತ್ತಿದ್ದ ಕಾವಲು ಅದು. ವಿಜ್ಞಾನಿ ಅಂದರೆ ತಿಂಗಳ ಸಂಬಳದ ಕೆಲಸ ಎಂದು ಅವರಿಗೆ ತೋರಿಸಿದವರು ಯಾರೂ ಇಲ್ಲ. ರೇಣುಕಾಗೂ ಇಲ್ಲ. ಅದಕ್ಕೇ, ತಮ್ಮ ಹಾಗೆ ಹಳ್ಳಿಯಿಂದ ಬಂದು ಇದೇ ವಿಷಯದಲ್ಲಿ ಕೆಲಸದಲ್ಲಿರುವ ಇಬ್ಬರನ್ನಾದರೂ ಹುಡುಕಿ, ಒಂದೊಂದೇ ಪ್ರಶ್ನೆ ಕೇಳಿ ಮೇಲ್ ಕಳಿಸಿ ಎಂದೆ. ಒಬ್ಬರು ಉತ್ತರ ಬರೆದಿದ್ದಾರೆ.

ಫೆಲೋಶಿಪ್ ಅರ್ಜಿ ಹೋಗಿದೆ, ಪಟ್ಟಿ ಬರಬೇಕು. ಅಲ್ಲಿಯವರೆಗೆ ಟ್ಯೂಷನ್ ಭಾನುವಾರ ಮಾತ್ರ. ನಿದ್ದೆ ಸುಧಾರಿಸಿದೆ, ಲ್ಯಾಬ್ ಮೀಟಿಂಗ್ ದಿನ ಮಾತ್ರ ಈಗಲೂ ಎದೆ ಹೊಡೆದುಕೊಳ್ಳುತ್ತದಂತೆ. ಅದಕ್ಕೆ ಇನ್ನೂ ಕೆಲವು ಭೇಟಿ ಬೇಕು. ಮುಂದಿನ ಸಲ ತಂದೆಯನ್ನೂ ಕರೆತರಲು ಹೇಳಿದ್ದೇನೆ. ಶೇಂಗಾ ಕಿತ್ತು ಮುಗಿದ ಮೇಲೆ ಬರುತ್ತೇನೆ ಅಂದಿದ್ದಾರಂತೆ.