ತಗ್ಗಿನ ನೆಲ ನೀರಿಗೇ ಇರಲಿ

ಮಂಗಳೂರು ಕೊಟ್ಟಾರ ಚೌಕಿಯ ಓದುಗರೊಬ್ಬರ ಪತ್ರ: "ಪರದೇಶದಲ್ಲಿ ಗ್ಲೈಡರ್ ಹಾರಿಸುತ್ತಿದ್ದ ಹಳೆಯ ಮೈದಾನವೊಂದನ್ನು ನೆರೆ ತಡೆಯಲೆಂದು ಮತ್ತೆ ಜೌಗು ಮಾಡಿದರಂತೆ. ಅಷ್ಟು ಚಪ್ಪಟೆ ಜಾಗ ನಮ್ಮಲ್ಲಿ ಸಿಕ್ಕಿದ್ದರೆ ನೂರಾರು ಮನೆ ಏಳುತ್ತಿದ್ದವು. ಸುಮ್ನೆ ಜಾಗ ಹಾಳು ಮಾಡಿದ್ದಲ್ವಾ?"

ಸಂಪಾದಕರ ಉತ್ತರ:

ಅಲ್ಲ. ಆ ನೆಲ ಯಾಕೆ ಚಪ್ಪಟೆಯಾಗಿತ್ತು ಅಂತ ಮೊದಲು ನೋಡಿ. ಗ್ಲೈಡರ್‌ಗೆ ಇಂಜಿನ್ ಇಲ್ಲ. ವಿಂಚ್ ಎಂಬ ಯಂತ್ರಕ್ಕೆ ಸುತ್ತಿದ ಹಗ್ಗದಿಂದ ಎಳೆದೋ, ಇನ್ನೊಂದು ವಿಮಾನದ ಹಿಂದೆ ಕಟ್ಟಿಯೋ ಮೇಲೇರಿಸಬೇಕು. ಅದಕ್ಕೆ ಮರ, ತಂತಿ ಅಡ್ಡವಿಲ್ಲದ ಉದ್ದನೆಯ ಹುಲ್ಲುಬಯಲು ಬೇಕು. ಅಂಥ ಬಯಲು ಹೊಳೆ ಬದಿಯಲ್ಲೇ ಜಾಸ್ತಿ. ನೆರೆ ಬಂದಾಗಲೆಲ್ಲ ಮೆಕ್ಕಲು ಹರಡಿ ಹರಡಿ ನೆಲ ಸಮ ಆಗಿರುತ್ತದೆ. ನೀರು ಬರುವ ಜಾಗಕ್ಕೆ ನಾವು ಆಮೇಲೆ ಹೋಗಿದ್ದು.

ಗ್ಲೈಡರ್ ಮೈದಾನವಲ್ಲದಿದ್ದರೂ ಒಂದು ದೊಡ್ಡ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಡದಲ್ಲಿ ಹ್ಯಾಮಿಲ್ಟನ್ ಎಂಬ ಸೇನಾ ವಿಮಾನ ನೆಲೆ ಇತ್ತು. 1930ರ ದಶಕದಲ್ಲಿ ಜೌಗಿಗೆ ಒಡ್ಡು ಹಾಕಿದ ನೆಲದ ಮೇಲೆ ಕಟ್ಟಿದ್ದು. ನೀರು ಬಸಿದ ನೆಲ ಕುಸಿಯುತ್ತಾ ಹೋಗಿ ರನ್‌ವೇ ಸಮುದ್ರಮಟ್ಟಕ್ಕಿಂತ ಕೆಳಗಿಳಿಯಿತು. ಹಾಗಂತ ಒಡ್ಡು ಒಡೆದರೆ ಸಾಕೇ? ಸಾಲದು. ನೀರಿನ ಆಳ ಜಾಸ್ತಿಯಾದರೆ ಜೌಗಿನ ಗಿಡ ಬೇರೂರುವುದಿಲ್ಲ. ಹಾಗಾಗಿ ಓಕ್‌ಲ್ಯಾಂಡ್ ಬಂದರಿನಲ್ಲಿ ಹೂಳೆತ್ತಿದ ಕೆಸರನ್ನು ತಂದು ನೆಲ ಏರಿಸಿದರು. ಆಮೇಲೆ, 2014ರಲ್ಲಿ, ಒಡ್ಡು ಒಡೆದು ಉಬ್ಬರದ ನೀರನ್ನು ಒಳಗೆ ಬಿಟ್ಟರು. ವರ್ಷಗಟ್ಟಲೆ ಕೆಲಸ, ಕೋಟಿಗಟ್ಟಲೆ ಹಣ. ಅದೂ ರನ್‌ವೇ ಮೇಲೆ ಯಾರ ಮನೆಯೂ ಇರಲಿಲ್ಲ ಅಂತ ಸಾಧ್ಯವಾಯಿತು.

ನಮ್ಮ ಬೈಲುಗಳ, ಅಂದರೆ ತಗ್ಗಿನ ಗದ್ದೆಗಳ ವಿಷಯದಲ್ಲಿ ನನ್ನನ್ನು ಕಾಡುವುದು ಇದೇ. ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು ಅಂತ ನಮ್ಮ ಹಿರಿಯರು ಗದ್ದೆಯನ್ನು ನೀರು ನಿಲ್ಲುವ ಲೆಕ್ಕದಲ್ಲೇ ವಿಂಗಡಿಸಿದ್ದರು. ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ ಬೆಳೆ ಮುಗಿದ ಮೇಲೂ ಮೂರನೆಯ ಬೆಳೆಯಾದ ಕೊಳಕೆ ಬೆಳೆಯುವಷ್ಟು ತೇವ ಬೈಲಿನಲ್ಲಿ ಉಳಿಯುತ್ತಿತ್ತು. ಒಂದು ಎಕರೆ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತರೆ ಸುಮಾರು 6 ಲಕ್ಷ ಲೀಟರ್ ಆಯಿತು. ಅದೇ ಬೈಲಿಗೆ ಗುಡ್ಡೆ ಕಡಿದ ಕೆಂಪು ಮಣ್ಣು ಬಿದ್ದರೆ ಆ ನೀರು ಪಕ್ಕದ ಹಳೇ ಮನೆಯ ಅಂಗಳಕ್ಕೆ ನುಗ್ಗುತ್ತದೆ. ಮೊದಲು ಬಾವಿ ಕೆಂಪಾಗುತ್ತದೆ, ಆಮೇಲೆ ಹೊಸ್ತಿಲು ಒದ್ದೆಯಾಗುತ್ತದೆ. 2018ರ ಮೇ 29ರ ಮಳೆಗೆ ನಿಮ್ಮ ಕೊಟ್ಟಾರ ಚೌಕಿ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಉಡುಪಿಯೂ ಮುಳುಗಿತು. ಮಳೆ ವಿಪರೀತ ಇತ್ತು, ಒಪ್ಪುತ್ತೇನೆ. ಆದರೆ ಬಂದ ನೀರಿಗೆ ಜಾಗವೂ ಬೇಕಲ್ಲ!

ಕಾನೂನು ಕಾಪಾಡುತ್ತದೆ ಅಂದುಕೊಳ್ಳಬೇಡಿ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ನಿಯಮಗಳ ವ್ಯಾಖ್ಯೆಯಲ್ಲಿ ಭತ್ತದ ಗದ್ದೆ ಬರುವುದೇ ಇಲ್ಲ. ಹಾಗಾಗಿ ಭೂಪರಿವರ್ತನೆಗೆ ಅರ್ಜಿ ಬಿದ್ದಾಗಲೇ ಆ ಬೈಲು ಎಷ್ಟು ನೀರು ಹಿಡಿಯುತ್ತದೆ, ಅದರ ತೋಡು (ನೀರು ಹರಿಯುವ ಸಣ್ಣ ಹಳ್ಳ) ಎಲ್ಲಿಗೆ ಹೋಗುತ್ತದೆ ಅಂತ ಸ್ಥಳಕ್ಕೆ ಬಂದು ನೋಡಬೇಕು. ಮಳೆಗಾಲದಲ್ಲೇ ನೋಡಬೇಕು. ಏಪ್ರಿಲ್‌ನಲ್ಲಿ ಎಲ್ಲ ಬೈಲೂ ಒಳ್ಳೆಯ ಸೈಟಿನಂತೆಯೇ ಕಾಣುತ್ತದೆ.

ನಿಮ್ಮ ವಠಾರದ ತೋಡು ಎಲ್ಲಿ ಹುಟ್ಟಿ ಎಲ್ಲಿ ಹೊಳೆ ಸೇರುತ್ತದೆ, ನಡುವೆ ಎಲ್ಲೆಲ್ಲಿ ಮಣ್ಣು ಬಿದ್ದಿದೆ, ನಡೆದು ನೋಡಿ ಬರೆದು ಕಳಿಸಿ. ನಕ್ಷೆ ಸಮೇತ ಪ್ರಕಟಿಸುತ್ತೇವೆ.